ಬ್ರೇಕ್ ಹಾಕದವನ ಅಪೀಲು

ಫೆಬ್ರವರಿ ೩

ಚಿಕ್ಕಮ್ಮಾ,

ನಾವಿಲ್ಲಿ ಚೆನ್ನಾಗಿಲ್ಲ. ನೀನಲ್ಲಿ ಚೆನ್ನಾಗಿದೀಯ ಅಂತ ಗೊತ್ತು, ಅದನ್ನ ಬರೆದು ಕಾಗದ ದಂಡ ಮಾಡಬೇಡ. ಫೋನ್ ಮಾಡಿದ್ರೆ ನಾನು ಕಿರುಚ್ತೀನಿ, ನೀನು ಕಟ್ ಮಾಡ್ತೀಯ. ಅದಕ್ಕೇ ಬರೀತಿದೀನಿ. ಅಕ್ಷರ ದಪ್ಪ ಇದೆ ಅಂತ ನಗಬೇಡ. ದಿನಾ ಫ್ಲೆಕ್ಸ್ ಅಂಗಡೀಲಿ ಆಳೆತ್ತರದ ಅಕ್ಷರ ಪ್ರಿಂಟ್ ಮಾಡೋಳಿಗೆ ಸಣ್ಣಗೆ ಬರಿಯಕ್ಕೆ ಬರಲ್ಲ. ಸ್ಕೂಲಲ್ಲಿ ಇನ್ನೆರಡು ವರ್ಷ ಇದ್ದಿದ್ರೆ ಬರ್ತಿತ್ತೇನೋ.

ಅಣ್ಣನ್ನ ನೋಡಿ ಬಂದೆ. ತೆಳ್ಳಗಾಗಿದಾನೆ. ಜೈಲಲ್ಲಿ ಅವನಿಗೆ ‘ತೊಟ್ಟಿಲಪ್ಪ’ ಅಂತ ಹೆಸರಿಟ್ಟಿದಾರಂತೆ. ಅದನ್ನ ಹೇಳಿ ಅವನೇ ನಕ್ಕ. ನಂಗೆ ಆ ಜಾಲರಿ ಕಿತ್ತು ಯಾರ ತಲೆ ಮೇಲಾದ್ರೂ ಎಸೀಬೇಕು ಅನ್ನಿಸ್ತು.

ನಿಂಗೆ ಗೊತ್ತಿರೋದನ್ನೇ ಇನ್ನೊಂದ್ಸಲ ಬರೀತೀನಿ, ಯಾಕಂದ್ರೆ ಈ ಊರಲ್ಲಿ ಅದನ್ನ ಸರಿಯಾಗಿ ಹೇಳೋರು ಯಾರೂ ಉಳಿದಿಲ್ಲ. ಪಾರ್ಕಿನ ಜೈಂಟ್ ವೀಲಲ್ಲಿ ಒಂದು ತೊಟ್ಟಿಲಿನ ಪಿನ್ ಮುರೀತು. ತೊಟ್ಟಿಲು ಬಿತ್ತು, ಟೈಲರ್ ಮಗಳು ಹೋದ್ಲು. ಪಿನ್ ಸವೆದಿದೆ ಅಂತ ಆ ವೀಲ್ ಓಡಿಸ್ತಿದ್ದ ಅಣ್ಣ ಓನರ್‌ಗೆ ಹೇಳಿದ್ದ. ಓನರ್ ಈಗ ಇನ್ನೊಂದು ಪಾರ್ಕ್ ಕಟ್ತಿದಾನೆ. ಅಣ್ಣ ಒಳಗಿರೋದು ಆಮೇಲೆ ಆಗಿದ್ದಕ್ಕೆ. ಜನ ಎಲ್ಲ ‘ಬ್ರೇಕ್ ಹಾಕೋ, ಬ್ರೇಕ್ ಹಾಕೋ’ ಅಂತ ಅರಚ್ತಿದ್ರು. ಅವನು ಹಾಕಲಿಲ್ಲ. ಪಕ್ಕದ ತೊಟ್ಟಿಲೂ ವಾಲಿತ್ತು, ಗಕ್ಕಂತ ನಿಲ್ಸಿದ್ರೆ ಜೋಲಿ ಹೊಡೆದು ಅದೂ ಬೀಳ್ತಿತ್ತು. ಮೆಲ್ಲಗೆ ತಿರುಗಿಸಿ ಒಂದೊಂದೇ ತೊಟ್ಟಿಲು ಕೆಳಗೆ ತಂದು ಎಲ್ಲರನ್ನೂ ಇಳಿಸ್ದ. ಆದ್ರೆ ಯಾರೋ ಮೊಬೈಲಲ್ಲಿ ಹಿಡಿದ ವಿಡಿಯೋದಲ್ಲಿ ಏನು ಕಾಣುತ್ತೆ? ಕಿರುಚಾಟ, ತಿರುಗ್ತಾನೇ ಇರೋ ಚಕ್ರ, ಲಿವರ್ ಮೇಲೆ ಕೈ ಇಟ್ಕೊಂಡು ಬಸ್ಸಿಗೆ ಕಾಯೋನ ಥರ ನಿಂತಿರೋ ನಮ್ಮಣ್ಣ. ಶಿಕ್ಷೆ ಆಗಿದ್ದು ಆ ಮುಖಕ್ಕೆ. ಅತ್ತಿದ್ರೆ ಬಿಟ್ಬಿಡ್ತಿದ್ರು.

ಕೆಳಗಿನ ಕೋರ್ಟಿನೋರು ತೀರ್ಪಲ್ಲಿ ಬರೆದೇಬಿಟ್ರಲ್ಲ, ಸಮಾಜದ ಆಕ್ರೋಶ ಕಡೆಗಣಿಸೋಕಾಗಲ್ಲ ಅಂತ. ಏಳು ವರ್ಷ. ಈಗ ನಿಮ್ಮ ಹೈಕೋರ್ಟಲ್ಲಿ ಅಪೀಲು. ಲಾಯರ್ ತಾರೀಖು ಮುಂದಕ್ಕೆ ಹಾಕಿಸ್ತಾನೇ ಇದಾನೆ. ಯಾಕೆ ಸಾರ್ ಅಂದೆ.

“ಊರು ಇನ್ನೂ ಬಿಸಿ ಇದೆಯಮ್ಮಾ. ಗಾಳಿ ತಿರುಗಲಿ.”

“ಜಡ್ಜುಗಳಿಗೂ ಗಾಳಿ ತಾಗುತ್ತಾ ಸಾರ್?”

“ಅವರೇನು ಗಾಜಿನ ಭರಣೀಲಿ ಇರ್ತಾರಾ? ಅವರ ಮನೆಗೂ ಪೇಪರ್ ಬರುತ್ತೆ. ಅವರ ಸೊಸೇನೂ ಆ ವಿಡಿಯೋ ನೋಡಿರ್ತಾಳೆ.”

ಹಾಗಾದ್ರೆ ಆ ಕರಿ ಗೌನ್ ಯಾಕೆ, ಎತ್ತರದ ಕುರ್ಚಿ ಯಾಕೆ? ನಮ್ಮ ಬೀದಿ ಕಟ್ಟೇ ಮೇಲೆ ಕೂತು ಕೈ ಎತ್ತಿಸಿ ಎಣಿಸಲಿ.

ಮಧ್ಯಾಹ್ನ ಮಿಷಿನ್ ಮುಂದೆ ತೂಕಡಿಸಿದೆ. ಅದು ಹೋಗಿ ಬಂದು, ಹೋಗಿ ಬಂದು, ಯಾರದೋ ಮುಖ ಬಿಡಿಸ್ತಿರುತ್ತಲ್ಲ, ಮೊದ್ಲು ಕೂದಲು, ಆಮೇಲೆ ಹಣೆ. ಕನಸಲ್ಲಿ ಅದು ಜೈಂಟ್ ವೀಲ್ ಬಿಡಿಸ್ತು. ತೊಟ್ಟಿಲಲ್ಲೆಲ್ಲ ಜಡ್ಜುಗಳು ಕೂತಿದ್ರು, ಗೌನು ಹಾರ್ತಿತ್ತು, ಕೆಳಗಿಂದ ಊರೆಲ್ಲ ಉಫ್ ಉಫ್ ಅಂತ ಊದ್ತಿತ್ತು. ಊದಿದ ಕಡೆಗೆ ಚಕ್ರ ತಿರುಗ್ತಿತ್ತು. ಎದ್ದಾಗ ಇಂಕಿನ ವಾಸನೆ.

ನೀನು ಆ ಜಡ್ಜ್ ಕೈಗೆ ದಿನಾ ನೀರು ಕೊಡ್ತೀಯ. ಲೋಟ ಇಡೋವಾಗ ಒಂದು ಮಾತು ಹೇಳು. ಅಕ್ಕನ ಮಗನಿಗೆ ಅಷ್ಟೂ ಮಾಡಕ್ಕಾಗಲ್ವಾ?

ಬೆಂಕಿ ಆಗಿರೋ,
ಪಟಾಕಿ


ಫೆಬ್ರವರಿ ೧೫

ಪಟಾಕಿ,

ನಿನ್ನ ಪತ್ರ ಓದಿ ಮಡಚಿದೆ, ಮತ್ತೆ ಬಿಡಿಸಿ ಓದಿದೆ. ನೀನು ಬರೆದರೂ ಕಿರುಚಿದಂತೆಯೇ ಇರುತ್ತದೆ. ಆದರೂ ಮನೆಯಲ್ಲಿ ಯಾರೋ ಮಾತಾಡಿದ ಹಾಗಾಯಿತು.

ನಾನು ಕೆಲಸ ಮಾಡುವ ಹಾಲನ್ನು ನೀನು ನೋಡಿಲ್ಲ. ಕಿಟಕಿಗಳು ಬಹಳ ಎತ್ತರ. ಬೆಳಿಗ್ಗೆ ಬಿಸಿಲು ಓರೆಯಾಗಿ ಬಿದ್ದಾಗ ಧೂಳು ಅದರೊಳಗೆ ನಿಧಾನವಾಗಿ ಏಳುತ್ತಿರುತ್ತದೆ, ನೀರಿನಡಿ ಇದ್ದೇವೇನೋ ಅನ್ನಿಸುತ್ತದೆ. ವಕೀಲರ ಮಾತು ದೂರದ ದಡದಿಂದ ಬಂದಂತೆ ಕೇಳುತ್ತದೆ. ಕುರ್ಚಿ ಒರೆಸುವುದು, ಲೋಟ ತುಂಬಿಸುವುದು, ಕಿಟಕಿ ನೋಡಿಕೊಳ್ಳುವುದು ನನ್ನ ಕೆಲಸ. ಹೊರಗೆ ಜನ ಸೇರಿ ಘೋಷಣೆ ಕೂಗಿದರೆ ಕಿಟಕಿ ಮುಚ್ಚು ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹಿರಿಯ ಜಡ್ಜರು ಪೆನ್ನು ಕೆಳಗಿಡುತ್ತಾರೆ. ಆಗ ಮುಚ್ಚಬೇಕು. ಮುಚ್ಚಿದ ಮೇಲೂ ಗಾಜಿಗೆ ಕೈಯಿಟ್ಟರೆ ಸಣ್ಣಗೆ ನಡುಗುತ್ತಿರುತ್ತದೆ. ಇದು ನಮಗೆ ಕೇಳಿಸುವುದಿಲ್ಲ ಎಂದು ಪೀಠದಿಂದ ಹೇಳುತ್ತಾರೆ. ಅಂಥ ದಿನ ನಾನು ಲೋಟಗಳನ್ನು ಮತ್ತೆ ಮತ್ತೆ ತುಂಬಿಸಬೇಕಾಗುತ್ತದೆ.

ಅವರು ಕೆಟ್ಟವರಲ್ಲ ಕಣೇ. ಮನುಷ್ಯರು.

ನೀನು ಕೇಳಿದ್ದು ನನ್ನಿಂದ ಆಗುವುದಿಲ್ಲ. ನಾನು ಒಂದು ಮಾತು ಹೇಳಿದರೆ ಆ ಲೋಟದ ನೀರು ಕುಡಿಯುವ ಹಾಗೆಯೇ ಇರುವುದಿಲ್ಲ. ಇನ್ನೊಂದು ವಿಷಯ, ಬೇರೆಯವರಿಂದ ನಿನಗೆ ಗೊತ್ತಾಗುವುದು ಬೇಡ. ಈ ಅಪೀಲು ನನ್ನ ಅಕ್ಕನ ಮಗನದು ಎಂದು ಆಫೀಸಿಗೆ ನಾನೇ ಹೋಗಿ ತಿಳಿಸಿದೆ. ನನ್ನನ್ನು ಬೇರೆ ಹಾಲಿಗೆ ಹಾಕಿದ್ದಾರೆ.

ಊಟ ಬಿಡಬೇಡ. ಕೋಪ ಮಾಡಿಕೊಳ್ಳುವುದಕ್ಕೂ ಶಕ್ತಿ ಬೇಕು.

ನಿನ್ನ ಚಿಕ್ಕಮ್ಮ


ಫೆಬ್ರವರಿ ೨೨

ಚಿಕ್ಕಮ್ಮ ಅಂತ ಬರೆಯಕ್ಕೂ ಮನಸ್ಸಿಲ್ಲ.

ಅಮ್ಮ ಸಾಯೋವಾಗ ನಮ್ಮಿಬ್ಬರನ್ನೂ ನಿನ್ನ ಮಡಿಲಿಗೆ ಹಾಕಿದ್ದು. ನೀನು ಮಡಿಲು ಕೊಡವಿ ಪಕ್ಕದ ರೂಮಿಗೆ ಹೋದೆ. ನಿನ್ನ ಬಿಳೀ ಯೂನಿಫಾರ್ಮಿಗೆ ಒಂದು ಕಲೆ ಆಗಲಿಲ್ಲ, ಸಂತೋಷ. ಇನ್ಮೇಲೆ ನಾನೇ ನೋಡ್ಕೋತೀನಿ.

ಸಹಿ ಗಿಹಿ ಇಲ್ಲ.


ಏಪ್ರಿಲ್ ೯

ಚಿಕ್ಕಮ್ಮಾ,

ಗಾಳಿ ತಿರುಗ್ತು! ತಿರುಗಿಸಿದ್ದು ನಾನು.

ನಮ್ಮಂಗಡೀಲಿ ಗಿರಾಕಿಗಳು ಫೋಟೋ ಕೊಡ್ತಾರೆ, ಮಾತು ಕೊಡಲ್ಲ. ‘ನೀವೇ ಏನಾದ್ರೂ ಚೆನ್ನಾಗಿರೋದು ಹಾಕಿ’ ಅಂತ ಹೋಗ್ಬಿಡ್ತಾರೆ. ಸತ್ತೋರಿಗೆ ಮರೆಯದ ಮಾಣಿಕ್ಯ, ಬದುಕಿರೋರಿಗೆ ಜನಮೆಚ್ಚಿದ ನಾಯಕ. ಮಾತು ಹಾಕೋದು ನಾನು. ಹೋದ ತಿಂಗಳು ಬಸ್ ಡ್ರೈವರ್‌ಗಳ ಸಂಘದವರು ಬಂದ್ರು. ಆಕ್ಸಿಡೆಂಟ್ ಆದ್ರೆ ಲಿವರ್ ಹಿಡಿದೋನೇ ಸಿಕ್ಕಿಹಾಕ್ಕೊಳ್ಳೋದು, ಅದಕ್ಕೆ ಅಣ್ಣನ ಪರವಾಗಿ ಒಂದು ಬ್ಯಾನರ್ ಬೇಕು ಅಂದ್ರು. ಫೋಟೋ ಕೊಟ್ರು. ‘ನೀನೇ ಏನಾದ್ರೂ ಹಾಕಮ್ಮಾ.’

ನಿಜ ಹಾಕೋಣ ಅಂತ ಕೂತೆ. ‘ಬ್ರೇಕ್ ಹಾಕದೆ ಮೆಲ್ಲಗೆ ಇಳಿಸಿದವನು’ ಅಂತ ಟೈಪ್ ಮಾಡಿ ನೋಡಿದೆ. ಯಾರು ಓದ್ತಾರೆ ಅದನ್ನ? ಗಾಡೀಲಿ ಹೋಗೋನು ಕತ್ತು ತಿರುಗಿಸಲ್ಲ. ಅಳಿಸಿದೆ. ‘ಮೇಲೆ ಹತ್ತಿ ಮಗುವನ್ನು ಹೊತ್ತು ತಂದ ಕೈಗೆ ಬೇಡಿಯೇ?’ ಅಂತ ಹಾಕಿದೆ.

ಮಿಷಿನ್ ಎಂದಿನ ಹಾಗೇ ಹೋಗಿ ಬಂತು. ಅಣ್ಣನ ಕೂದಲು ಬಂತು, ಹಣೆ ಬಂತು, ಕಣ್ಣು ಬಂತು. ಹಸಿ ಹಸಿ ಮುಖ, ಮುಟ್ಟಿದ್ರೆ ಬೆರಳಿಗೆ ಅಂಟುತ್ತೆ. ನಾನು ನೋಡ್ತಾ ನೋಡ್ತಾ ಅವನು ನಿಜವಾಗ್ಲೂ ಹತ್ತಿದ್ದ ಅನ್ನಿಸಕ್ಕೆ ಶುರುವಾಯ್ತು. ಎತ್ತರದಲ್ಲಿ, ದೀಪಗಳ ಮಧ್ಯ, ಮಗು ಎದೆಗಪ್ಪಿಕೊಂಡು ಇಳೀತಿದಾನೆ. ಚಿಕ್ಕಮ್ಮಾ, ಅಷ್ಟು ಚೆನ್ನಾಗಿತ್ತು ಅದು.

ಈಗ ಊರೆಲ್ಲ ಅದೇ. ಟೀವೀಲಿ ಒಬ್ಬಳು ಹೆಂಗಸು ‘ನನ್ನ ಕಣ್ಣಾರೆ ನೋಡಿದೆ’ ಅಂತ ಅತ್ತಳು. ಅವಳು ಯಾರೋ ನಂಗೊತ್ತಿಲ್ಲ. ಹೋದ ವರ್ಷ ನಮ್ಮನೆ ಬಾಗಿಲಿಗೆ ಸಗಣಿ ಎಸೆದೋರು ಮೊನ್ನೆ ಬಂದು ‘ನಿಮ್ಮಣ್ಣ ದೇವ್ರು’ ಅಂದ್ರು. ಲಾಯರ್ ತಾನಾಗೇ ಫೋನ್ ಮಾಡಿ ತಾರೀಖು ತಗೊಂಡೆ ಅಂದ.

ಪಟಾಕಿ


ಏಪ್ರಿಲ್ ೨೬

ಪಟಾಕಿ,

ಇಲ್ಲಿ ಕ್ಯಾಂಟೀನಿನಲ್ಲಿಯೂ ಅದೇ ಮಾತು. ಜಡ್ಜರ ಕಾರು ಓಡಿಸುವವನು ಮೊಬೈಲಿನಲ್ಲಿ ಆ ಬ್ಯಾನರ್ ತೋರಿಸಿದ. ನಾನು ಸಾಕಿದ ಹುಡುಗನ ಮುಖ ಅಷ್ಟು ದೊಡ್ಡದಾಗಿತ್ತು. ನೋಡಿ ಮೊಬೈಲನ್ನು ಅವನ ಕೈಗೇ ವಾಪಸ್ ಕೊಟ್ಟೆ.

ನಿನ್ನಣ್ಣ ಅಟ್ಟದ ಮೇಲಿನ ಹಾಸಿಗೆ ತೆಗೆಯಲೂ ನನ್ನನ್ನೇ ಹತ್ತಿಸುತ್ತಿದ್ದ. ಆ ಚಕ್ರದಲ್ಲಿ ಅವನು ಒಂದು ದಿನವೂ ಕೂತವನಲ್ಲ.

ಅವನಿಗೆ ಗೊತ್ತೇ?

ಚಿಕ್ಕಮ್ಮ


ಮೇ ೨

ಚಿಕ್ಕಮ್ಮಾ,

ಗೊತ್ತು. ಹೋದಾಗ ಕೇಳ್ದ, “ಏನೇ, ನಾನು ಹತ್ತಿದ್ನಂತೆ?” ಅಂತ. “ಹೂಂ, ಹತ್ತಿದ್ದೆ. ಬಾಯ್ಮುಚ್ಕೊಂಡು ಇಳಿ” ಅಂದೆ. ನಗಲಿಲ್ಲ. ತನ್ನ ಕೈ ತಿರುಗಿಸಿ ತಿರುಗಿಸಿ ನೋಡ್ಕೊಂಡ.

ನೀತಿ ಹೇಳಬೇಡ. ಸುಳ್ಳು ನಂಬಿ ಒಳಗೆ ಹಾಕಿದ್ರು, ಸುಳ್ಳು ನಂಬಿಸಿ ಹೊರಗೆ ತರ್ತೀನಿ. ಅವರ ಕಿಟಕಿ ತೆಗೆದೇ ಇದ್ರೆ ನಾನು ಯಾಕೆ ಕೂಗಬಾರದು?

ಪಟಾಕಿ


ಜೂನ್ ೧೪

ಪಟಾಕಿ,

ಅಪೀಲು ವಿಚಾರಣೆಯ ದಿನ ನಿನ್ನನ್ನು ಕೋರ್ಟಿನ ಗೇಟಿನಲ್ಲೇ ತಡೆದರಂತೆ. ಆದದ್ದನ್ನು ನಾನು ಹೇಳುತ್ತೇನೆ, ಟೀವಿಯಿಂದ ಕೇಳಬೇಡ.

ರಜೆ ಹಾಕಿ, ಸೀರೆ ಉಟ್ಟು, ಜನ ಕೂರುವ ಹಿಂದಿನ ಬೆಂಚಿನಲ್ಲಿ ಕೂತೆ. ಇಷ್ಟು ವರ್ಷ ಒರೆಸಿದ ಹಾಲು ಅಲ್ಲಿಂದ ನೋಡಿದರೆ ಬೇರೆಯೇ. ಪೀಠ ಬಹಳ ದೂರ, ಜಡ್ಜರ ಮುಖ ಬೆಳಕಿನಲ್ಲಿ ಕರಗಿದಂತಿತ್ತು. ಹೊರಗೆ ನಿನ್ನ ಬ್ಯಾನರ್ ಹಿಡಿದ ಜನ. ಅವರ ಕೂಗು ಅಲೆಯ ಹಾಗೆ ಬಂದು, ಗೋಡೆಗೆ ತಾಗಿ, ಹಿಂದೆ ಹೋಗುತ್ತಿತ್ತು. ಹಿರಿಯ ಜಡ್ಜರು ಪೆನ್ನು ಕೆಳಗಿಟ್ಟರು. ನನ್ನ ಜಾಗಕ್ಕೆ ಬಂದ ಹೆಂಗಸಿಗೆ ಅದರ ಅರ್ಥ ಗೊತ್ತಿರಲಿಲ್ಲ. ನನ್ನ ಕಾಲು ತಾನಾಗಿ ಎದ್ದಿತ್ತು, ಹಿಡಿದು ಕೂರಿಸಿದೆ. ಕಿಟಕಿ ತೆರೆದೇ ಇತ್ತು.

“ಮಗುವನ್ನು ಹೊತ್ತು ಇಳಿಸಿದ್ದು ದಾಖಲೆಯಲ್ಲಿ ಎಲ್ಲೂ ಇಲ್ಲವಲ್ಲ?” ಎಂದರು ಜಡ್ಜರು.

“ಸ್ವಾಮಿ, ಇಡೀ ಊರಿಗೆ ಗೊತ್ತಿರುವ ಸಂಗತಿ” ಎಂದ ನಿಮ್ಮ ಲಾಯರ್.

“ಅವನನ್ನೇ ಕೇಳೋಣ. ಅದಕ್ಕೇ ಕರೆಸಿದ್ದು.”

ಅಣ್ಣ ಇಬ್ಬರು ಪೊಲೀಸರ ನಡುವೆ ಎದ್ದು ನಿಂತ. ಅದೇ ಮುಖ ಕಣೇ, ಬಸ್ಸಿಗೆ ಕಾಯುವವನದು.

“ನಾನು ಹತ್ತಲಿಲ್ಲ ಸ್ವಾಮಿ. ನಂಗೆ ಎತ್ತರ ಅಂದ್ರೆ ತಲೆ ತಿರುಗುತ್ತೆ.”

ಕೆಲವರು ನಕ್ಕರು. ಜಡ್ಜರು ನಗಲಿಲ್ಲ. “ಹಾಗಾದರೆ ಏನು ಮಾಡಿದೆ?”

“ಲಿವರ್ ಹಿಡ್ಕೊಂಡು ನಿಂತಿದ್ದೆ.”

“ಬ್ರೇಕ್?”

“ಹಾಕಲಿಲ್ಲ.”

“ಯಾಕೆ?”

ಅವನು ಬಾಯಿ ತೆರೆದ. ಅಷ್ಟರಲ್ಲಿ ಲಾಯರ್ ಮಧ್ಯೆ ಬಂದು, ನನ್ನ ಕಕ್ಷಿದಾರ ಗಾಬರಿಯಾಗಿದ್ದಾನೆ, ಏನೋ ಮಾತಾಡುತ್ತಿದ್ದಾನೆ ಎಂದ. ಹಿಂದಿನ ಬೆಂಚಿನ ಹುಡುಗನೊಬ್ಬ ಹೊರಗೆ ಓಡಿದ. ಸ್ವಲ್ಪ ಹೊತ್ತು ಹೊರಗೆ ಏನೂ ಕೇಳಲಿಲ್ಲ, ಹಕ್ಕಿಯ ಸದ್ದು ಮಾತ್ರ. ಆಮೇಲೆ ಕೂಗು ಮತ್ತೆ ಎದ್ದಿತು. ಕೊರಳುಗಳು ಅವೇ, ಮಾತು ಬೇರೆ. ‘ಮೋಸಗಾರ’ ಎನ್ನುತ್ತಿದ್ದರು.

ಜಡ್ಜರು ಖಾಲಿ ಲೋಟ ಎತ್ತಿ, ನೋಡಿ, ಕೆಳಗಿಟ್ಟರು. ತೀರ್ಪು ಕಾದಿರಿಸಿದೆ ಎಂದು ಎದ್ದರು. ‘ಯಾಕೆ’ ಎಂದು ಕೇಳಿದ್ದಕ್ಕೆ ಉತ್ತರ ಯಾರಿಗೂ ಬೇಕಾಗಲಿಲ್ಲ.

ನನ್ನ ಮುಂದೆಯೇ ಅವನನ್ನು ಕರೆದೊಯ್ದರು. “ಚಿಕ್ಕಮ್ಮಾ, ಸೀರೆ ಚೆನ್ನಾಗಿದೆ” ಎಂದ.

ಚಿಕ್ಕಮ್ಮ


ಜೂನ್ ೨೧

ಚಿಕ್ಕಮ್ಮಾ,

ಬ್ಯಾನರೆಲ್ಲ ಹರಿದಿದಾರೆ. ಅರ್ಧ ಅಣ್ಣ ಕಂಬದಲ್ಲಿ ಜೋತಾಡ್ತಿದಾನೆ, ಗಾಳಿ ಬಂದಾಗ ಕಣ್ಣು ಮಾತ್ರ ಎದ್ದು ನೋಡುತ್ತೆ. ಅಂಗಡಿ ಯಜಮಾನ “ನೀನು ಸ್ವಲ್ಪ ದಿನ ಒಳಗೇ ಇರು” ಅಂತ ಹಿಂದುಗಡೆ ಕೂರಿಸಿದಾನೆ. ಸುಳ್ಳು ಬರೆದಿದ್ದು ನಾನು, ಮೋಸಗಾರ ಅಂತ ಬೈಸಿಕೊಳ್ಳೋದು ಅವನು. ನಾನೇ ಬರೆದಿದ್ದು ಅಂತ ಸರ್ಕಲ್ಲಲ್ಲಿ ನಿಂತು ಕೂಗಿದೆ. ಒಬ್ಬ ಮುದುಕ “ಹೋಗಮ್ಮಾ, ಅಣ್ಣನ್ನ ಉಳಿಸಕ್ಕೆ ಸುಳ್ಳು ಹೇಳ್ತಿದೀಯ” ಅಂದ. ನಿಜ ಹೇಳಿದ್ರೂ ಸುಳ್ಳಾಯ್ತು, ನೋಡು ಈ ಊರು.

ಅಣ್ಣನ ಮೇಲೆ ಸಿಟ್ಟು ಬಂದಿತ್ತು. ಮೂರಕ್ಷರ ‘ಹತ್ತಿದೆ’ ಅನ್ನಕ್ಕೆ ಏನಾಗಿತ್ತು ಅವನಿಗೆ ಅಂತ ಜಗಳ ಆಡಕ್ಕೇ ಹೋದೆ. ಅವನು ಹೇಳ್ದ, “ಮಗು ಹೊತ್ತು ತಂದೆ ಅಂದ್ರೆ ಟೈಲರ್ ಕೇಳಲ್ವಾ, ನನ್ನ ಮಗಳನ್ನ ಯಾಕೆ ತರಲಿಲ್ಲ ಅಂತ?”

ಇಷ್ಟು ದಿನ ನಾನು ಟೈಲರ್ ಬಗ್ಗೆ ಒಂದ್ಸಲಾನೂ ಯೋಚನೆ ಮಾಡಿರಲಿಲ್ಲ.

ನಿನ್ನ ಬೈದಿದ್ದು ವಾಪಸ್ ತಗೊಂಡಿದೀನಿ. ಪೂರ್ತಿ ಅಲ್ಲ, ಮುಕ್ಕಾಲು.

ಪಟಾಕಿ


ಆಗಸ್ಟ್ ೮

ಪಟಾಕಿ,

ಈ ಪತ್ರಕ್ಕಿಂತ ಮೊದಲು ಅಣ್ಣನೇ ಮನೆ ತಲುಪಿರುತ್ತಾನೆ. ಅವನಿಗೆ ಬಿಸಿನೀರು ಕಾಯಿಸಿ ಕೊಡು, ಪ್ರಶ್ನೆ ಕೇಳಬೇಡ.

ತೀರ್ಪಿನ ದಿನ ಹೊರಗೆ ಒಬ್ಬರೂ ಇರಲಿಲ್ಲ. ಊರಿಗೆ ಬೇರೆ ಯಾವುದೋ ಸಿಟ್ಟು ಬಂದಿದೆ, ಎಲ್ಲ ಅಲ್ಲಿಗೆ ಹೋಗಿದ್ದಾರೆ. ಕಿಟಕಿಯಿಂದ ತೋಟದವನು ಪೈಪಿನಲ್ಲಿ ನೀರು ಬಿಡುವ ಸದ್ದು ಬರುತ್ತಿತ್ತು. ಜಡ್ಜರು ಮೆಲ್ಲನೆ ಓದಿದರು, ನಿದ್ದೆಯಲ್ಲಿ ಕೇಳಿದಂತಿತ್ತು. ಸಾರ್ವಜನಿಕರ ನೋವು ಒಂದು ಕಡೆ, ಆರೋಪಿಯ ವಯಸ್ಸು ಒಂದು ಕಡೆ. ಎರಡನ್ನೂ ತೂಗಿ, ಅಪರಾಧ ಸಾಬೀತಾಗಿದೆ ಎಂದು ಎತ್ತಿಹಿಡಿದು, ಇಲ್ಲಿಯವರೆಗೆ ಒಳಗಿದ್ದದ್ದೇ ಸಾಕು ಎಂದು ಬಿಟ್ಟರು. ಅರ್ಧ ಬೈದವರಿಗೆ, ಅರ್ಧ ಹೊಗಳಿದವರಿಗೆ. ಆ ಇಬ್ಬರೂ ಅಲ್ಲಿರಲಿಲ್ಲ. ಎದ್ದುಹೋದ ಜನಕ್ಕೆ ಇನ್ನೂ ಹೆದರಿ ಬರೆದ ಹಾಗಿತ್ತು.

ಖುಷಿಪಡಬೇಕೋ ಬೇಡವೋ ಗೊತ್ತಾಗದೆ ಮೆಟ್ಟಿಲ ಮೇಲೆ ಕೂತಿದ್ದೆ.

ಚಿಕ್ಕಮ್ಮ


ಸೆಪ್ಟೆಂಬರ್ ೨೭

ಚಿಕ್ಕಮ್ಮಾ,

ಅಣ್ಣ ದಿನವಿಡೀ ಮಲಗ್ತಾನೆ. ಬಿಸಿಲು ಕಾಲಿಂದ ಎದೆಗೆ, ಎದೆಯಿಂದ ಮುಖಕ್ಕೆ ಬಂದ್ರೂ ಏಳಲ್ಲ. ಬೀದೀಲಿ ಯಾರೂ ಉಗಿಯಲ್ಲ, ಯಾರೂ ನಮಸ್ಕಾರಾನೂ ಹಾಕಲ್ಲ. ಅಷ್ಟೊಂದು ಕೂಗಿದ ಜನ ನಾವೇ ಕಂಡ ಕನಸೇನೋ ಅನ್ನೋ ಹಾಗೆ ತರಕಾರಿ ಆರಿಸ್ತಿರ್ತಾರೆ.

ಒಂದಿನ ಎದ್ದು ಕೂತು “ಮೇಲಿನ ಕೋರ್ಟಿಗೆ ಹೋಗೋಣ್ವಾ?” ಅಂದ. ಲಾಯರ್ ಹತ್ರ ಹೋದ್ವಿ. “ಹುಚ್ಚೇನಯ್ಯಾ? ಬಿಟ್ಟಿದಾರೆ, ತಿಂದುಂಡು ಆರಾಮಾಗಿರು. ಮೇಲೆ ಹೋದ್ರೆ ಬಿಟ್ಟಿದ್ದೇ ತಪ್ಪು ಅಂತ ವಾಪಸ್ ಒಳಗೆ ಹಾಕಿದ್ರೂ ಹಾಕ್ಬೋದು” ಅಂದ. ಅಣ್ಣ ಯೋಚನೆ ಮಾಡ್ತೀನಿ ಅಂತ ಬಂದು ಮತ್ತೆ ಮಲಗ್ದ. ನಾನು ಹೋಗು ಅಂತಾನೂ ಹೇಳಲಿಲ್ಲ, ಬೇಡ ಅಂತಾನೂ ಹೇಳಲಿಲ್ಲ. ನಂಬ್ತೀಯಾ, ನಾನು!

ಹೋದ ವಾರ ಟೈಲರ್ ಅಂಗಡಿಗೆ ಬಂದ. ಮಗಳು ಹೋದ ದಿನ ಹತ್ರ ಬರ್ತಿದೆ, ಫೋಟೋ ತಂದಿದ್ದ. ನಾನು ತಲೆ ಎತ್ತಲಿಲ್ಲ.

“ಏನು ಹಾಕ್ಲಿ?”

“ಏನೂ ಹಾಕ್ಬೇಡ. ಮುಖ ಸಾಕು.” ಆಮೇಲೆ, “ನೀನು ಅವನ ತಂಗಿ ಅಲ್ವಾ?”

ಫ್ಲೆಕ್ಸ್ ಕುಯ್ಯೋ ಕಟರ್ ಕೈಲಿತ್ತು. ಕೆಳಗಿಟ್ಟೆ. “ಹೌದು.”

“ಮನೇಲಿದಾನಾ?”

ಇಬ್ಬರೂ ನಡ್ಕೊಂಡು ಬಂದ್ವಿ. ಅಣ್ಣ ಮಂಚದಿಂದ ಎದ್ದು ನಿಂತ, ಲುಂಗಿ ಸರಿಮಾಡ್ಕೊಂಡ. ಕೂತ್ಕೊಳ್ಳಿ ಅಂದ್ರೂ ಟೈಲರ್ ಕೂರಲಿಲ್ಲ.

“ಬ್ರೇಕ್ ಯಾಕೆ ಹಾಕ್ಲಿಲ್ಲ?”

“ಕೋರ್ಟಲ್ಲಿ ಹೇಳಿದ್ವಲ್ಲ ಸಾರ್, ಕೆಳಗಿನ ಕೋರ್ಟಲ್ಲಿ...”

“ಹೇಳಿರ್ತೀಯ. ನನ್ನ ಕಡೆಯೋರು ಅಂತ ಬಂದೋರೆಲ್ಲ ನನ್ನ ಭುಜ ಹಿಡ್ಕೊಂಡು ಕೂಗ್ತಿದ್ರು. ನಂಗೆ ಕೇಳಿಸ್ಲಿಲ್ಲ.”

ಅಣ್ಣ ಹೇಳ್ದ. ಅವಳ ತೊಟ್ಟಿಲು ಬಿದ್ದು ಹೋಗಿತ್ತು, ಪಕ್ಕದ್ದು ವಾಲಿತ್ತು, ಅದರಲ್ಲಿ ಅಜ್ಜಿ ಮೊಮ್ಮಗು ಇದ್ರು. ಕೈಯಲ್ಲೇ ಮಾಡಿ ತೋರಿಸ್ದ, ಹೇಗೆ ತೂಗಾಡ್ತಿತ್ತು, ಎಷ್ಟು ಮೆಲ್ಲಗೆ ತಿರುಗಿಸ್ದ ಅಂತ. ಟೈಲರ್ ಆ ಕೈನೇ ನೋಡ್ತಿದ್ದ.

“ಓಡ್ತಿರೋ ಮಿಷಿನ್ ಗಕ್ಕಂತ ನಿಲ್ಸಿದ್ರೆ ಸೂಜಿ ಮುರಿಯುತ್ತೆ” ಅಂದ, ಯಾರಿಗೋ ಹೇಳೋ ಹಾಗೆ. “ಹಾಗಾದ್ರೆ ಬ್ರೇಕ್ ಹಾಕಿದ್ರೂ ಅವಳು...”

“ಇಲ್ಲ ಸಾರ್.”

“ಅವಳು ಕೂಗಿದ್ಲಾ?”

“ಎಲ್ಲರೂ ಕೂಗ್ತಿದ್ರು ಸಾರ್. ಅವಳದ್ದು ಯಾವುದು ಅಂತ ನಂಗೆ ಗೊತ್ತಾಗ್ಲಿಲ್ಲ.”

ಆಮೇಲೆ ಟೈಲರ್ ಕೂತ. ಇಬ್ಬರೂ ಮಂಚದ ಎರಡು ತುದೀಲಿ ಕೂತಿದ್ರು, ಬಿಸಿಲು ಮಧ್ಯದಲ್ಲಿ. ನಾನು ಬಾಗಿಲಿಗೆ ಒರಗಿದ್ದೆ. ಅಣ್ಣ ಅಳ್ತಿದ್ದ ಚಿಕ್ಕಮ್ಮಾ. ಈಗ ಯಾರ ಮೊಬೈಲೂ ಇರಲಿಲ್ಲ.

ಹೊರಡೋವಾಗ ಟೈಲರ್ ಹೇಳ್ದ, “ಮೇಲಕ್ಕೆ ಹೋಗೋದಾದ್ರೆ ತಾರೀಖು ಹೇಳಿ ಕಳ್ಸು. ಬರ್ತೀನಿ.”

ನನ್ನ ಬಾಯಿ ಸುಮ್ನಿರುತ್ತಾ? “ಯಾರ ಕಡೆ ಕೂರ್ತೀರಾ?” ಅಂದೆ.

“ಎಲ್ಲಾದ್ರೂ ಕೂರ್ತೀನಮ್ಮಾ. ಕೇಳಿಸೋ ಕಡೆ.”

ಅಣ್ಣ ಇವತ್ತು ಬೆಳಿಗ್ಗೆ ವಕಾಲತ್ತಿಗೆ ಸಹಿ ಹಾಕ್ದ. ಲಾಯರ್ ತಲೆ ಚಚ್ಕೊಂಡ. ಮೆಟ್ಟಿಲ ತನಕ ಹಿಂದೇನೇ ಬಂದು, ಮೆಲ್ಲಗೆ ನನ್ನ ಕೇಳ್ದ, “ಈ ಸಲ ಜನ ಬರ್ತಾರಾ?”

ಒಬ್ರು ಬರ್ತಾರೆ ಅಂದೆ.

ನಿನ್ನ,
ಪಟಾಕಿ